ರಕ್ತವನ್ನು ತಿಳಿಯಾಗಿಸಿದ್ದು ಯಾರು?

ಲಂಡನ್ನಿನ ‘ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್’ ಪತ್ರಿಕೆ ಶುರುವಾದದ್ದು 1665ರಲ್ಲಿ. ಅದೇ ವರ್ಷದ ಸಂಚಿಕೆಯೊಂದರಲ್ಲಿ ರಾಬರ್ಟ್ ಬಾಯ್ಲ್ ಮೂಲಕ ಬಂದ ಪುಟ್ಟ ಟಿಪ್ಪಣಿಯೊಂದಿದೆ. ಮನೆಗೆಲಸದ ಹುಡುಗಿಯೊಬ್ಬಳು ಬೆಳಿಗ್ಗೆ ಏಳರ ಹೊತ್ತಿಗೆ ಹೊಟ್ಟೆ ತುಂಬ ತಿಂಡಿ ತಿಂದಿದ್ದಾಳೆ. ಹನ್ನೊಂದರ ಸುಮಾರಿಗೆ ಅವಳ ಪಾದದಿಂದ ರಕ್ತ ತೆಗೆದಿದ್ದಾರೆ. ಆ ಕಾಲದಲ್ಲಿ ಎಲ್ಲ ಕಾಯಿಲೆಗೂ ಅದೇ ಮದ್ದು. ಮೊದಲು ಬಂದ ರಕ್ತವನ್ನು ಬಟ್ಟಲಿಗೆ ಹಿಡಿದರು. ಸ್ವಲ್ಪ ಹೊತ್ತಿಗೆ ಬೆಳ್ಳಗಾಯಿತು. ಕೊನೆಯದನ್ನು ತಟ್ಟೆಗೆ ಹಿಡಿದರು. ಅದು ಹಿಡಿದ ಕೂಡಲೇ ಬೆಳ್ಳಗಾಯಿತು. ಐದಾರು ಗಂಟೆ ಬಿಟ್ಟು ವೈದ್ಯ ನೋಡಿದಾಗ ಬಟ್ಟಲಲ್ಲಿ ಅರ್ಧ ರಕ್ತ, ಅರ್ಧ ಹಾಲಿನಂಥ ದ್ರವ. ತಟ್ಟೆಯಲ್ಲಿ ಪೂರಾ ಬಿಳಿ. ಸಣ್ಣ ಉರಿಯಲ್ಲಿ ಕಾಯಿಸಿದರೆ ಎರಡೂ ಮೊಟ್ಟೆಯ ಬಿಳಿಭಾಗದ ಹಾಗೆ ಗಟ್ಟಿಯಾದವು.

ತಿಂದ ಕೊಬ್ಬು ಕರುಳಿನಲ್ಲಿ ಸಣ್ಣ ಸಣ್ಣ ಗೋಲಗಳಾಗಿ ರಕ್ತ ಸೇರುತ್ತದೆ, ಅವುಗಳಿಗೆ ಕೈಲೋಮೈಕ್ರಾನ್ ಎಂದು ಹೆಸರು. ಊಟವಾದ ಮೇಲೆ ಕೆಲವು ಗಂಟೆ ಎಲ್ಲರ ಪ್ಲಾಸ್ಮಾವೂ ಅಷ್ಟಿಷ್ಟು ಮಬ್ಬಾಗುವುದು ಅವುಗಳಿಂದಲೇ. ಆಮೇಲೆ ಆ ಮಬ್ಬು ತಾನಾಗಿ ಹೋಗುತ್ತದೆ. ಲಿಪಿಡ್ ಪ್ರೊಫೈಲ್‌ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಲ್ಯಾಬಿನವರು ಹೇಳುತ್ತ ಬಂದದ್ದೂ ಇದೇ ಕಾರಣಕ್ಕೆ. ಬಿಳಿ ಎಲ್ಲಿಂದ ಬಂತು ಎನ್ನುವುದಕ್ಕೆ ಬೇಗ ಉತ್ತರ ಸಿಕ್ಕಿತು. ಅದನ್ನು ತೆಗೆಯುವವರು ಯಾರು, ಎಲ್ಲಿ ನಿಂತು ತೆಗೆಯುತ್ತಾರೆ ಎನ್ನುವುದು ಮಾತ್ರ ಇಪ್ಪತ್ತೊಂದನೆಯ ಶತಮಾನದವರೆಗೂ ಎಳೆಯಿತು. ಹಳೆಯ ಪತ್ರಿಕೆಗಳಲ್ಲಿ ನಾನು ಬೆನ್ನು ಹತ್ತಿದ್ದು ಈ ಎರಡನೆಯ ಪ್ರಶ್ನೆಯನ್ನು. ಹುಡುಕುತ್ತ ಹೋದ ಹಾಗೆ ಒಂದು ವಿಷಯ ಗಟ್ಟಿಯಾಯಿತು: ಈ ಕತೆ ಮುಂದೆ ಸಾಗಿದ್ದೆಲ್ಲ ಲೆಕ್ಕಕ್ಕೆ ಹೊಂದದ ಫಲಿತಾಂಶಗಳನ್ನು ಯಾರೋ ಒಬ್ಬರು ಎಸೆಯದೆ ಬರೆದಿಟ್ಟದ್ದರಿಂದ.

ನಾಯಿ, ಹೆಪಾರಿನ್, ಪ್ರನಾಳ

ಮೊದಲ ಸುಳಿವು 1943ರ ‘ಸೈನ್ಸ್’ ಪತ್ರಿಕೆಯಲ್ಲಿದೆ. ಬರೆದವರು ಪಾಲ್ ಹಾನ್. ಲೇಖನ ಬಹಳ ಚಿಕ್ಕದು. ಊಟ ಮಾಡಿ ರಕ್ತ ಬೆಳ್ಳಗಾಗಿದ್ದ ನಾಯಿಗಳಿಗೆ ಹೆಪಾರಿನ್ ಚುಚ್ಚಿದರೆ ಬಿಳಿ ಮಾಯವಾಗುತ್ತದೆ ಎಂಬುದೇ ಅದರ ಸಾರ. ಹೆಪಾರಿನ್ ಅಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮದ್ದು. ಅದಕ್ಕೂ ಕೊಬ್ಬಿಗೂ ಏನು ಸಂಬಂಧ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಹಾನ್ ಕಂಡದ್ದನ್ನು ಹೇಳಿ ಮುಗಿಸಿದ್ದಾರೆ.

ಹೆಪಾರಿನ್ನೇ ಕೊಬ್ಬನ್ನು ಕರಗಿಸಿತು ಅಂದುಕೊಳ್ಳುವುದು ಸುಲಭ. ಆದರೆ ಬಿಳಿ ಪ್ಲಾಸ್ಮಾವನ್ನು ಪ್ರನಾಳಕ್ಕೆ ಹಾಕಿ ಅದಕ್ಕೆ ನೇರವಾಗಿ ಹೆಪಾರಿನ್ ಬೆರೆಸಿದರೆ ಏನೂ ಆಗುವುದಿಲ್ಲ. ಬಿಳಿ ಬಿಳಿಯಾಗಿಯೇ ಇರುತ್ತದೆ. 1950ರಲ್ಲಿ ಆಂಡರ್ಸನ್ ಮತ್ತು ಫಾಸೆಟ್ ಈ ಗಂಟನ್ನು ಬಿಡಿಸಿದರು. ಪ್ರಾಣಿಗೆ ಮೊದಲು ಹೆಪಾರಿನ್ ಚುಚ್ಚಿ, ಆಮೇಲೆ ಅದರ ಪ್ಲಾಸ್ಮಾ ತೆಗೆದು, ಅದನ್ನು ಇನ್ನೊಂದು ಬಿಳಿ ಪ್ಲಾಸ್ಮಾಕ್ಕೆ ಬೆರೆಸಿದರು. ಅದು ಪ್ರನಾಳದಲ್ಲೇ ತಿಳಿಯಾಯಿತು. ಅಂದರೆ ಕೆಲಸ ಮಾಡಿದ್ದು ಹೆಪಾರಿನ್ ಅಲ್ಲ, ಹೆಪಾರಿನ್ ಒಳಗೆ ಹೋಗಿ ಎಲ್ಲಿಂದಲೋ ಕಿತ್ತು ತಂದ ಇನ್ನೇನೋ. ಅದಕ್ಕೆ ‘ಕ್ಲಿಯರಿಂಗ್ ಫ್ಯಾಕ್ಟರ್’ ಎಂಬ ತಾತ್ಕಾಲಿಕ ಹೆಸರು ಬಿತ್ತು. ಆ ‘ಎಲ್ಲಿಂದಲೋ’ ಎಂಬ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಅದರ ಪೂರ್ತಿ ಉತ್ತರ ಬರುವುದಕ್ಕೆ ಅರವತ್ತು ವರ್ಷ ಹಿಡಿಯಿತು.

ಅಮೆರಿಕದ ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕ್ರಿಶ್ಚಿಯನ್ ಆನ್‌ಫಿನ್ಸೆನ್ ಈ ಬೇಟೆಗೆ ಇಳಿದರು. ಮುಂದೆ 1972ರಲ್ಲಿ ಅವರಿಗೆ ನೊಬೆಲ್ ಬಂದದ್ದು ಬೇರೊಂದು ಕಿಣ್ವದ ಕೆಲಸಕ್ಕೆ. ಅದೇ ಸಂಸ್ಥೆಯ ಎಡ್ವರ್ಡ್ ಕಾರ್ನ್ 1955ರಲ್ಲಿ ಎರಡು ಪ್ರಬಂಧ ಬರೆದು ‘ಕ್ಲಿಯರಿಂಗ್ ಫ್ಯಾಕ್ಟರ್’ ಒಂದು ಕಿಣ್ವ ಎಂದು ಸಾಧಿಸಿದರು. ಅದನ್ನು ಅವರು ಬೇರ್ಪಡಿಸಿದ್ದು ಇಲಿಯ ಹೃದಯದಿಂದ. ಹೃದಯದ ಸ್ನಾಯು ತನಗೆ ಬೇಕಾದ ಶಕ್ತಿಯ ಬಹುಪಾಲನ್ನು ಕೊಬ್ಬಿನಾಮ್ಲದಿಂದಲೇ ಪಡೆಯುತ್ತದೆ, ಹಾಗಾಗಿ ಕಿಣ್ವ ಅಲ್ಲಿ ಸಿಕ್ಕಿದ್ದು ಸಹಜ. ಹೆಸರು: ಲೈಪೋಪ್ರೋಟೀನ್ ಲೈಪೇಸ್, ಚಿಕ್ಕದಾಗಿ ಎಲ್‌ಪಿಎಲ್. ಗೋಲದೊಳಗಿನ ಟ್ರೈಗ್ಲಿಸರೈಡನ್ನು ಒಡೆದು ಕೊಬ್ಬಿನಾಮ್ಲ ಬಿಡಿಸುವುದು ಇದರ ಕಸುಬು. ಬಿಡಿಸಿದ್ದನ್ನು ಸ್ನಾಯು ಉರಿಸುತ್ತದೆ, ಕೊಬ್ಬಿನ ಅಂಗಾಂಶ ಕೂಡಿಡುತ್ತದೆ.

ಕಾರ್ನ್ ಅವರ ಪ್ರಬಂಧದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಕೊಬ್ಬರಿ ಎಣ್ಣೆ. ಕಿಣ್ವದ ಪರೀಕ್ಷೆಗೆ ಅವರು ಆರಿಸಿಕೊಂಡದ್ದು ನೀರಿನಲ್ಲಿ ಕದಡಿದ ಕೊಬ್ಬರಿ ಎಣ್ಣೆಯನ್ನು. ಅದನ್ನು ಹಾಗೇ ಕೊಟ್ಟರೆ ಕಿಣ್ವ ಹೆಚ್ಚುಕಮ್ಮಿ ಸುಮ್ಮನಿರುತ್ತಿತ್ತು. ಅದೇ ಎಣ್ಣೆಯನ್ನು ಸ್ವಲ್ಪ ಹೊತ್ತು ಸೀರಮ್ ಜೊತೆ ಇಟ್ಟು ಆಮೇಲೆ ಕೊಟ್ಟರೆ ಸರಸರ ಒಡೆಯುತ್ತಿತ್ತು. ಕಿಣ್ವ ಒಂದೇ ಸಾಲದು, ಸೀರಮ್‌ನಲ್ಲಿ ಅದಕ್ಕೊಬ್ಬ ಜೊತೆಗಾರನಿದ್ದಾನೆ ಎಂಬ ಮಾತು ಇದರಲ್ಲೇ ಅಡಗಿತ್ತು. ಆ ಜೊತೆಗಾರ ಪತ್ತೆಯಾದದ್ದು 1970ರಲ್ಲಿ. ಅಪೋಸಿ-2 ಎಂಬ, 79 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್ ಅದು. ಕೊಬ್ಬಿನ ಗೋಲದ ಮೈಮೇಲೆಯೇ ಕೂತು ಸಾಗುತ್ತದೆ.

ರೋಗಿಗಳ ಕಡತ

ಪ್ರಯೋಗಾಲಯದ ದಾಖಲೆ ಒಂದು ದಾರಿಯಲ್ಲಿ ಹೋಗುತ್ತಿದ್ದರೆ ಆಸ್ಪತ್ರೆಯ ದಾಖಲೆ ಇನ್ನೊಂದು ದಾರಿಯಲ್ಲಿ ಹೋಗುತ್ತಿತ್ತು. 1880ರಲ್ಲೇ ಹೈಲ್ ಎಂಬ ಕಣ್ಣಿನ ವೈದ್ಯರು ಮಧುಮೇಹಿಯೊಬ್ಬರ ಕಣ್ಣಿನ ಹಿಂಭಾಗದ ರಕ್ತನಾಳಗಳು ಕೆನೆಬಣ್ಣಕ್ಕೆ ತಿರುಗಿದ್ದನ್ನು ವರ್ಣಿಸಿದ್ದರು. 1932ರಲ್ಲಿ ಜರ್ಮನಿಯ ಬ್ಯುರ್ಗರ್ ಮತ್ತು ಗ್ರ್ಯುಟ್ಸ್ ಒಬ್ಬ ಹುಡುಗನ ವಿಷಯ ಬರೆದರು: ಲಿವರ್ ಮತ್ತು ಗುಲ್ಮ ಊದಿಕೊಂಡಿವೆ, ಚರ್ಮದ ಮೇಲೆ ಕೊಬ್ಬು ತುಂಬಿದ ಹಳದಿ ಗುಳ್ಳೆಗಳೆದ್ದಿವೆ. 1939ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಿಂದ ಹೋಲ್ಟ್ ಮತ್ತು ಸಂಗಡಿಗರು ಇದು ಮನೆತನದಲ್ಲಿ ಹರಿದು ಬರುವ ತೊಂದರೆ ಎಂದು ವರದಿ ಮಾಡಿದರು. ಶೀರ್ಷಿಕೆಯಲ್ಲೇ ‘ಕಾರಣ ತಿಳಿಯದ’ ಎಂಬ ವಿಶೇಷಣವಿತ್ತು.

ಇಂಥವರಿಗೆ ಬದುಕಿನ ದೊಡ್ಡ ಸಂಕಟ ಹೊಟ್ಟೆನೋವು. ಪ್ರತಿ ಡೆಸಿಲೀಟರ್ ರಕ್ತದಲ್ಲಿ ಟ್ರೈಗ್ಲಿಸರೈಡ್ 150 ಮಿಲಿಗ್ರಾಂ ಒಳಗಿರುವುದು ವಾಡಿಕೆ. ಇವರಲ್ಲಿ ಅದು ಸಾವಿರ ದಾಟಿ ಹಲವು ಸಾವಿರಕ್ಕೆ ಏರುತ್ತದೆ. ಆಗ ಮೇದೋಜೀರಕ ಗ್ರಂಥಿ ಉರಿದು ಊದಿಕೊಳ್ಳುತ್ತದೆ, ಕೆಲವೊಮ್ಮೆ ಜೀವಕ್ಕೇ ಕುತ್ತಾಗುತ್ತದೆ. ಊಟದಿಂದ ಕೊಬ್ಬನ್ನು ತೆಗೆದುಹಾಕಿದರೆ ಕೆಲವೇ ದಿನಗಳಲ್ಲಿ ರಕ್ತ ತಿಳಿಯಾಗುತ್ತದೆ. ಮತ್ತೆ ಕೊಟ್ಟರೆ ಮತ್ತೆ ಬಿಳಿ.

ಎರಡು ದಾರಿಗಳು ಕೂಡಿದ್ದು 1960ರಲ್ಲಿ. ರಿಚರ್ಡ್ ಹ್ಯಾವೆಲ್ ಮತ್ತು ರಾಬರ್ಟ್ ಗಾರ್ಡನ್ ಇಂಥದ್ದೇ ಒಂದು ಕುಟುಂಬವನ್ನು ಅಭ್ಯಾಸಕ್ಕೆ ಎತ್ತಿಕೊಂಡರು. ಹಾನ್ ನಾಯಿಗಳಿಗೆ ಮಾಡಿದ್ದನ್ನೇ ಇವರಿಗೆ ಮಾಡಿದರು, ಹೆಪಾರಿನ್ ಚುಚ್ಚಿ ಪ್ಲಾಸ್ಮಾ ತೆಗೆದರು. ಆರೋಗ್ಯವಂತರಲ್ಲಿ ಕಿಣ್ವ ರಕ್ತಕ್ಕೆ ಸುರಿಯುತ್ತದೆ. ಕಾಯಿಲೆಯವರಲ್ಲಿ ಅದು ತೀರಾ ಕಮ್ಮಿ. ‘ಕಾರಣ ತಿಳಿಯದ’ ಕಾಯಿಲೆಗೆ ಕಾರಣ ಸಿಕ್ಕಿತು. ಹುಟ್ಟಿನಿಂದಲೇ ಎಲ್‌ಪಿಎಲ್ ಇಲ್ಲದ ಈ ಸ್ಥಿತಿ ಹತ್ತು ಲಕ್ಷಕ್ಕೆ ಒಬ್ಬರಲ್ಲಿ ಕಾಣುವಂಥದ್ದು. ಕಿಣ್ವದ ಜೀನ್ ಅನ್ನು ಓದಿ ಪ್ರಕಟಿಸಿದ್ದು 1987ರಲ್ಲಿ.

ಆದರೆ ಎಲ್ಲರ ಕಾಯಿಲೆಯೂ ಈ ಲೆಕ್ಕಕ್ಕೆ ಹೊಂದಲಿಲ್ಲ. 1978ರಲ್ಲಿ ಟೊರಾಂಟೊದ ಬ್ರೆಕೆನ್‌ರಿಜ್ ಮತ್ತು ಸಂಗಡಿಗರು ವಿವರಿಸಿದ ರೋಗಿಯ ಕತೆ ಇಡೀ ಕಡತದಲ್ಲೇ ಸೊಗಸಾದದ್ದು. 59 ವರ್ಷದ ಮನುಷ್ಯ. ಮತ್ತೆ ಮತ್ತೆ ಮೇದೋಜೀರಕದ ಉರಿ, ರಕ್ತದಲ್ಲಿ ವಿಪರೀತ ಟ್ರೈಗ್ಲಿಸರೈಡ್. ರಕ್ತಹೀನತೆಯಿತ್ತೆಂದು ಅವನಿಗೆ ಬೇರೆಯವರ ರಕ್ತ ಕೊಟ್ಟರು. ಟ್ರೈಗ್ಲಿಸರೈಡ್ ಧಡಕ್ಕನೆ ಇಳಿಯಿತು. ಕೊಬ್ಬಿನ ಚಿಕಿತ್ಸೆ ಅಂತ ಯಾರೂ ರಕ್ತ ಕೊಟ್ಟಿರಲಿಲ್ಲ. ಆ ಇಳಿತವನ್ನು ಕಾಕತಾಳೀಯ ಎಂದು ಬಿಟ್ಟುಬಿಡಬಹುದಿತ್ತು. ಅವರು ಬಿಡಲಿಲ್ಲ. ಅವನಲ್ಲಿ ಕಿಣ್ವ ಇತ್ತು, ಇಲ್ಲದ್ದು ಅಪೋಸಿ-2. ದಾನಿಯ ಪ್ಲಾಸ್ಮಾದಲ್ಲಿ ಆ ಪ್ರೋಟೀನ್ ಬಂದ ಕೂಡಲೇ ಕೂತಿದ್ದ ಕಿಣ್ವ ಎದ್ದು ಕೆಲಸಕ್ಕೆ ಹತ್ತಿತು. ಕೊಬ್ಬರಿ ಎಣ್ಣೆ ಪ್ರನಾಳದಲ್ಲಿ ಹೇಳಿದ್ದನ್ನೇ ಇಪ್ಪತ್ತಮೂರು ವರ್ಷದ ಮೇಲೆ ಒಬ್ಬ ರೋಗಿಯ ಮೈ ಹೇಳಿತು.

ಅದೇ ಹೆಸರು, ಬೇರೆ ಕಡತ

ದಾಖಲೆ ಹುಡುಕುವವರಿಗೆ ಒಂದು ಅಭ್ಯಾಸವಿರುತ್ತದೆ: ಮೊದಲ ಪ್ರಬಂಧ ಬರೆದವರು ಮುಂದೆ ಏನಾದರು ಎಂದು ನೋಡುವುದು. ಪಾಲ್ ಹಾನ್ ಹೆಸರು ಹಿಡಿದು ಹೋದರೆ ಸಿಗುವುದು ಅಮೆರಿಕ ಸರ್ಕಾರದ ತನಿಖಾ ವರದಿ. ಹಾನ್ ವಿಕಿರಣಶೀಲ ಕಬ್ಬಿಣವನ್ನು ಬಳಸಿ ರಕ್ತದ ಅಧ್ಯಯನ ಮಾಡುವುದರಲ್ಲಿ ಪಳಗಿದವರು. 1940ರ ದಶಕದಲ್ಲಿ ಟೆನೆಸಿಯ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಚಿಕಿತ್ಸಾಲಯಕ್ಕೆ ಬರುತ್ತಿದ್ದ 800ಕ್ಕೂ ಹೆಚ್ಚು ಬಸುರಿಯರಿಗೆ ಅವರ ತಂಡ ವಿಕಿರಣಶೀಲ ಕಬ್ಬಿಣ ಬೆರೆಸಿದ ಪಾನೀಯ ಕುಡಿಸಿತು. ಗರ್ಭಿಣಿಯರ ಮೈ ಕಬ್ಬಿಣವನ್ನು ಎಷ್ಟು ಹೀರುತ್ತದೆ ಎಂದು ಅಳೆಯುವುದು ಉದ್ದೇಶ. ಕುಡಿದವರಿಗೆ ಅದರಲ್ಲಿ ಏನಿದೆ ಎಂದು ತಿಳಿಸಿ ಒಪ್ಪಿಗೆ ಪಡೆದಿರಲಿಲ್ಲ. 1960ರ ದಶಕದಲ್ಲಿ ಆ ತಾಯಂದಿರನ್ನೂ ಮಕ್ಕಳನ್ನೂ ಹಿಂಬಾಲಿಸಿ ನೋಡಿದಾಗ ಕೆಲವು ಮಕ್ಕಳು ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಅಧ್ಯಕ್ಷ ಕ್ಲಿಂಟನ್ ನೇಮಿಸಿದ ಸಮಿತಿಯ 1995ರ ವರದಿಯಲ್ಲಿ ಈ ಪ್ರಕರಣ ಸೇರಿದೆ. ಈ ಬಗ್ಗೆ ನಡೆದ ಮೊಕದ್ದಮೆ 1998ರಲ್ಲಿ ಪರಿಹಾರದ ಒಪ್ಪಂದದಲ್ಲಿ ಮುಗಿಯಿತು.

ಎಲ್‌ಪಿಎಲ್ ಬಗೆಗಿನ ವಿಮರ್ಶಾ ಲೇಖನಗಳು ಹಾನ್ ಅವರನ್ನು ಒಂದು ಸಾಲಿನಲ್ಲಿ ನೆನೆದು ಮುಂದೆ ಹೋಗುತ್ತವೆ. ವಿಕಿರಣದ ತನಿಖೆಯಲ್ಲಿ ನಾಯಿಯ ಪ್ರಸಂಗವಿಲ್ಲ. ಎರಡು ಕಡತಗಳನ್ನು ಒಟ್ಟಿಗೆ ಇಟ್ಟರೆ ನಾಯಿಯ ಫಲಿತಾಂಶ ಸುಳ್ಳಾಗುವುದಿಲ್ಲ, ಬಸುರಿಯರಿಗೆ ಆದ ಅನ್ಯಾಯ ಚಿಕ್ಕದಾಗುವುದೂ ಇಲ್ಲ. ಆದರೆ ವಿಜ್ಞಾನದ ಇತಿಹಾಸ ಬರೆಯುವವರು ಎರಡನ್ನೂ ಓದಿರಬೇಕು.

ಕಿಣ್ವ ಇದ್ದರೂ ಗೇಟಿನ ಆಚೆ

ಇನ್ನು ಆ ‘ಎಲ್ಲಿಂದಲೋ’ ಎಂಬ ಪ್ರಶ್ನೆ. ಎಲ್‌ಪಿಎಲ್ ತಯಾರಾಗುವುದು ಸ್ನಾಯು ಮತ್ತು ಕೊಬ್ಬಿನ ಕೋಶಗಳಲ್ಲಿ. ಕೆಲಸ ಮಾಡುವುದು ರಕ್ತದ ಲೋಮನಾಳಗಳ ಒಳಗೋಡೆಯ ಮೇಲೆ. ಗೋಡೆಯಲ್ಲಿ ಹೆಪಾರಿನ್‌ನಂಥದ್ದೇ ಸಕ್ಕರೆಯ ಸರಪಳಿಗಳಿವೆ, ಕಿಣ್ವ ಅವಕ್ಕೆ ಅಂಟಿಕೊಂಡಿರುತ್ತದೆ, ಹೆಪಾರಿನ್ ಚುಚ್ಚಿದಾಗ ಅಂಟು ಬಿಟ್ಟು ರಕ್ತಕ್ಕೆ ಬೀಳುತ್ತದೆ: ಪಠ್ಯಪುಸ್ತಕಗಳು ದಶಕಗಳ ಕಾಲ ಹೇಳಿದ್ದು ಇಷ್ಟು. ಕೋಶದಲ್ಲಿ ಹುಟ್ಟಿದ ಕಿಣ್ವ ಗೋಡೆಯನ್ನು ದಾಟಿ ಒಳಬದಿಗೆ ಬಂದದ್ದು ಹೇಗೆ ಎಂಬುದಕ್ಕೆ ಅವುಗಳಲ್ಲಿ ಉತ್ತರವಿರಲಿಲ್ಲ.

2003ರಲ್ಲಿ ಜಪಾನಿನ ತಂಡವೊಂದು ಹೊಸ ಪ್ರೋಟೀನ್ ಒಂದನ್ನು ವರದಿ ಮಾಡಿತ್ತು. ‘ಒಳ್ಳೆಯ ಕೊಲೆಸ್ಟರಾಲ್’ ಎನ್ನುವ ಎಚ್‌ಡಿಎಲ್ ಜೊತೆ ಅದು ಕೂಡಿಕೊಳ್ಳುತ್ತದೆ ಎಂದು ಕಂಡಿದ್ದರಿಂದ ಜಿಪಿಐಎಚ್‌ಬಿಪಿ1 ಎಂಬ ಮಾರುದ್ದದ ಹೆಸರಿಟ್ಟು ಎಚ್‌ಡಿಎಲ್ ಶೀರ್ಷಿಕೆಯಡಿ ಸೇರಿಸಿದ್ದರು. ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್‌ನಲ್ಲಿ ಆನ್ ಬೇನ್ಯೂ, ಸ್ಟೀಫನ್ ಯಂಗ್ ಮತ್ತು ಸಂಗಡಿಗರು ಆ ಪ್ರೋಟೀನ್ ಇಲ್ಲದ ಸುಂಡಿಲಿಗಳನ್ನು ಪರೀಕ್ಷಿಸಿದಾಗ ಅವುಗಳ ಪ್ಲಾಸ್ಮಾ ಹಾಲಿನಂತಿತ್ತು. ಕೊಬ್ಬು ಕಮ್ಮಿಯಿರುವ ಮಾಮೂಲಿ ಮೇವು ತಿಂದರೂ ಟ್ರೈಗ್ಲಿಸರೈಡ್ 5,000 ಮಿಲಿಗ್ರಾಂವರೆಗೆ ಏರಿತ್ತು. ಇದು 2007ರ ಪ್ರಬಂಧ. ಇದೇ ತಂಡದವರು 2010ರಲ್ಲಿ ಕಾರಣ ತೋರಿಸಿದರು: ಲೋಮನಾಳದ ಕೋಶಗಳಲ್ಲಿರುವ ಈ ಪ್ರೋಟೀನೇ ಎಲ್‌ಪಿಎಲ್ ಅನ್ನು ಹೊರಬದಿಯಲ್ಲಿ ಹಿಡಿದು, ಕೋಶದ ಮೂಲಕ ಸಾಗಿಸಿ, ಒಳಬದಿಯಲ್ಲಿ ಕೂರಿಸುವುದು. ಅದಿಲ್ಲದಿದ್ದರೆ ಕಿಣ್ವ ಹೊರಗಿನ ಸಂದಿಯಲ್ಲೇ ಉಳಿಯುತ್ತದೆ. ಎಪಿಎಂಸಿ ಯಾರ್ಡಿಗೆ ಲಾರಿ ಬಂದಿದೆ, ಮೂಟೆ ಇಳಿಸುವ ಹಮಾಲಿಯೂ ಬಂದಿದ್ದಾನೆ, ಆದರೆ ಅವನು ಗೇಟಿನ ಆಚೆ ಸಿಕ್ಕಿಕೊಂಡಿದ್ದಾನೆ. ಮೂಟೆ ಇಳಿಯುವುದು ಹೇಗೆ?

ಇದಕ್ಕಿಂತ ಅಚ್ಚರಿಯದು 2017ರ ವರದಿ. ರಕ್ತ ಹಾಲಿನಂತಾಗಿದ್ದ ಆರು ರೋಗಿಗಳಲ್ಲಿ ಅವರದೇ ರೋಗನಿರೋಧಕ ವ್ಯವಸ್ಥೆ ಈ ಪ್ರೋಟೀನಿನ ವಿರುದ್ಧ ಪ್ರತಿಕಾಯ ತಯಾರಿಸಿತ್ತು. ಪ್ರತಿಕಾಯ ಅಂಟಿಕೊಂಡರೆ ಎಲ್‌ಪಿಎಲ್‌ಗೆ ಹಿಡಿತ ಸಿಗುವುದಿಲ್ಲ. ಅವರಲ್ಲಿ ಒಬ್ಬಾಕೆಗೆ ಹೆರಿಗೆಯಾಯಿತು. ತಾಯಿಯ ಪ್ರತಿಕಾಯ ಕೂಸಿಗೂ ದಾಟಿ ಅದರ ರಕ್ತದಲ್ಲೂ ವಿಪರೀತ ಕೊಬ್ಬು ತುಂಬಿತು. ಆಮೇಲೆ ಅದು ತಾನಾಗಿ ಸರಿಹೋಯಿತು. ಕೂಸಿನ ಕಿಣ್ವಕ್ಕೆ ಏನೂ ಆಗಿರಲಿಲ್ಲ. ‘ಕಾರಣ ತಿಳಿಯದ’ ಎಂದು ಮುಚ್ಚಿಟ್ಟ ಹಳೆಯ ಕಡತಗಳಲ್ಲಿ ಇಂಥವೂ ಇದ್ದಿರಬಹುದು. ಇದು ಮುಖ್ಯ, ಯಾಕೆಂದರೆ ಹುಟ್ಟುಕಾಯಿಲೆಗೆ ಇಲ್ಲದ ಚಿಕಿತ್ಸೆಯ ದಾರಿ ಪ್ರತಿಕಾಯದ ಕಾಯಿಲೆಗೆ ಇದೆ.

ಬ್ರೇಕು ಒತ್ತುವವರು

ಎಲ್‌ಪಿಎಲ್ ಇಡೀ ದಿನ ಎಲ್ಲ ಕಡೆ ಒಂದೇ ಸಮ ದುಡಿಯುವುದಿಲ್ಲ. ಉಂಡ ಮೇಲೆ ಇನ್ಸುಲಿನ್ ಏರಿದಾಗ ಕೊಬ್ಬಿನ ಅಂಗಾಂಶದಲ್ಲಿ ಅದರ ಚಟುವಟಿಕೆ ಹೆಚ್ಚುತ್ತದೆ, ಕೊಬ್ಬು ಗೋದಾಮಿಗೆ ಹೋಗುತ್ತದೆ. ಉಪವಾಸದಲ್ಲಿ ಅಲ್ಲಿ ಕುಗ್ಗುತ್ತದೆ, ಹೃದಯ ಮತ್ತು ಸ್ನಾಯುವಿಗೆ ಪಾಲು ಸಿಗುತ್ತದೆ. ಉಪವಾಸದಲ್ಲಿ ಬ್ರೇಕು ಒತ್ತುವ ಪ್ರೋಟೀನಿಗೆ ಆಂಜಿಪಿಟಿಎಲ್4 ಎಂದು ಹೆಸರು. ಅದರ ಸೋದರ ಆಂಜಿಪಿಟಿಎಲ್3 ಕೂಡ ಬ್ರೇಕು ಎಂದು ಪತ್ತೆಯಾದದ್ದು ಲೆಕ್ಕಕ್ಕೆ ಹೊಂದದ ಸುಂಡಿಲಿಗಳಿಂದಲೇ. ಜಪಾನಿನಲ್ಲಿ ಬೊಜ್ಜು ಮತ್ತು ಮಧುಮೇಹಕ್ಕೆಂದು ಸಾಕುತ್ತಿದ್ದ ಕೆಕೆ ಎಂಬ ತಳಿಯಲ್ಲಿ ಕೆಲವಕ್ಕೆ ಮಾತ್ರ ರಕ್ತದ ಕೊಬ್ಬು ಅಸಹಜವಾಗಿ ಕಮ್ಮಿಯಿತ್ತು. 2002ರಲ್ಲಿ ಅವುಗಳಲ್ಲಿ ಕೆಟ್ಟಿದ್ದ ಜೀನ್ ಸಿಕ್ಕಿತು. ಅದೇ ಈ ಬ್ರೇಕು.

ಮನುಷ್ಯರಲ್ಲಿ ಇಂಥದ್ದೇ ಕತೆ ಅಪೋಸಿ-3 ಎಂಬ ಇನ್ನೊಂದು ತಡೆಗಾರನದು. 2008ರಲ್ಲಿ ಅಮೆರಿಕದ ಲ್ಯಾಂಕಾಸ್ಟರ್‌ನ ಆಮಿಶ್ ಸಮುದಾಯದಲ್ಲಿ ಸುಮಾರು ಶೇ 5 ಮಂದಿಗೆ ಈ ಜೀನಿನ ಒಂದು ಪ್ರತಿ ಕೆಟ್ಟಿರುವುದು ಗೊತ್ತಾಯಿತು. ಜಿಡ್ಡಿನ ಊಟ ಕೊಟ್ಟರೂ ಅವರ ಟ್ರೈಗ್ಲಿಸರೈಡ್ ಉಳಿದವರಷ್ಟು ಏರುತ್ತಿರಲಿಲ್ಲ. 2017ರಲ್ಲಿ ಪಾಕಿಸ್ತಾನದ ಒಂದು ಕುಟುಂಬದಲ್ಲಿ ತಂದೆ, ತಾಯಿ, ಒಂಬತ್ತು ಮಕ್ಕಳು ಎಲ್ಲರಿಗೂ ಎರಡೂ ಪ್ರತಿ ಕೆಟ್ಟಿರುವುದು ಸಿಕ್ಕಿತು. ಕೊಬ್ಬು ಕುಡಿಸಿ ಪರೀಕ್ಷಿಸಿದರೆ ಅವರ ರಕ್ತದಲ್ಲಿ ಟ್ರೈಗ್ಲಿಸರೈಡ್ ಹೆಚ್ಚೇನೂ ಏರಲಿಲ್ಲ.

ಅಪೋಸಿ-3 ಎಲ್‌ಪಿಎಲ್‌ಗೆ ಅಡ್ಡಗಾಲು ಹಾಕುತ್ತದೆ, ಅಷ್ಟೇ ಅದರ ಕೆಲಸ ಎಂದುಕೊಂಡಿದ್ದರು. ಹಾಗಾದರೆ ಎಲ್‌ಪಿಎಲ್ಲೇ ಇಲ್ಲದವರಿಗೆ ಅದನ್ನು ತಗ್ಗಿಸಿ ಏನು ಪ್ರಯೋಜನ? 2014ರಲ್ಲಿ ಕೆನಡಾದ ಕ್ವಿಬೆಕ್‌ನ ದಾನಿಯೆಲ್ ಗೋಡೆ ಮತ್ತು ಸಂಗಡಿಗರು ಅಂಥ ಮೂವರಿಗೆ ಅಪೋಸಿ-3 ತಗ್ಗಿಸುವ ಮದ್ದು ಕೊಟ್ಟರು. ಟ್ರೈಗ್ಲಿಸರೈಡ್ ಶೇ 56ರಿಂದ 86ರಷ್ಟು ಇಳಿಯಿತು. ಕೊಬ್ಬಿನ ಗೋಲಗಳನ್ನು ಲಿವರ್ ಎಳೆದುಕೊಳ್ಳುವ ಇನ್ನೊಂದು ದಾರಿಗೂ ಅಪೋಸಿ-3 ಅಡ್ಡ ನಿಂತಿರುತ್ತದೆ ಎಂದು ಇದರಿಂದ ಗಟ್ಟಿಯಾಯಿತು. ಇದೇ ಬಗೆಯ ಓಲೆಜಾರ್ಸೆನ್ ಎಂಬ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2024ರ ಡಿಸೆಂಬರಿನಲ್ಲಿ ಒಪ್ಪಿಗೆ ಸಿಕ್ಕಿದೆ.

ಅದಕ್ಕೂ ಮೊದಲು ಕೆಟ್ಟ ಜೀನಿಗೆ ಬದಲು ಒಳ್ಳೆಯದನ್ನೇ ಹಾಕುವ ಪ್ರಯತ್ನ ನಡೆದಿತ್ತು. ಗ್ಲೈಬೆರಾ ಎಂಬ ಆ ಜೀನ್ ಚಿಕಿತ್ಸೆಗೆ ಯುರೋಪಿನಲ್ಲಿ 2012ರಲ್ಲಿ ಅನುಮತಿ ಬಂತು. ಅಲ್ಲಿ ಅನುಮತಿ ಪಡೆದ ಮೊದಲ ಜೀನ್ ಚಿಕಿತ್ಸೆಯೇ ಇದು. ಅದರೊಳಗೆ ಹಾಕಿದ್ದು ಎಲ್‌ಪಿಎಲ್‌ನ ಒಂದು ಮೊಟಕು ರೂಪವನ್ನು. ಕೊನೆಯ ಎರಡು ಅಮೈನೋ ಆಮ್ಲಗಳು ಕಳಚಿಹೋದ ಈ ರೂಪ ಆರೋಗ್ಯವಂತರಲ್ಲೂ ಇದೆ, ಇದ್ದವರಿಗೆ ಟ್ರೈಗ್ಲಿಸರೈಡ್ ಕಮ್ಮಿಯಿರುತ್ತದೆ. ಬೆಲೆ ಸುಮಾರು ಹತ್ತು ಲಕ್ಷ ಯೂರೊ. ಸಂಶೋಧನೆಯ ಹೊರಗೆ, ಮಾರಾಟದ ಮದ್ದಾಗಿ ಅದನ್ನು ಪಡೆದದ್ದು ಬರ್ಲಿನ್ನಿನ ಒಬ್ಬ ರೋಗಿ ಮಾತ್ರ. 2017ರಲ್ಲಿ ಕಂಪನಿ ಅದನ್ನು ಹಿಂತೆಗೆದುಕೊಂಡಿತು.

ಹತ್ತು ಲಕ್ಷಕ್ಕೊಬ್ಬರ ಕಾಯಿಲೆಯಿಂದ ನಮಗೇನು?

ಐಸಿಎಂಆರ್-ಇಂಡಿಯಾಬ್ ಅಧ್ಯಯನದ 2014ರ ವರದಿ ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢದ ಜನರದು. ಅದರಲ್ಲಿ ಕೊಲೆಸ್ಟರಾಲ್ ಹೆಚ್ಚಿದ್ದವರು ಶೇ 13.9, ಟ್ರೈಗ್ಲಿಸರೈಡ್ ಹೆಚ್ಚಿದ್ದವರು ಶೇ 29.5. ಅಂದರೆ ನಮ್ಮಲ್ಲಿ ಕೊಲೆಸ್ಟರಾಲ್‌ಗಿಂತ ಈ ಗೋಳೇ ಹೆಚ್ಚು. ಇವರಲ್ಲಿ ಎಲ್‌ಪಿಎಲ್ ಇಲ್ಲದವರನ್ನು ಹುಡುಕಿದರೂ ಸಿಗುವುದು ಕಷ್ಟ. ಇವರ ಕಿಣ್ವ ಸರಿಯಾಗೇ ಇರುತ್ತದೆ. ಇನ್ಸುಲಿನ್ ಮಾತು ಮೈ ಕೇಳದಾದಾಗ ಲಿವರ್ ತಾನೇ ಹೆಚ್ಚು ಕೊಬ್ಬಿನ ಗೋಲಗಳನ್ನು ರಕ್ತಕ್ಕೆ ಬಿಡುತ್ತದೆ, ಇತ್ತ ಅವನ್ನು ಒಡೆಯುವ ಕಡೆ ಬ್ರೇಕು ಬಿದ್ದಿರುತ್ತದೆ.

1973ರಲ್ಲಿ ಜಾನ್ ಬ್ರುನ್ಜೆಲ್ ಮತ್ತು ಸಂಗಡಿಗರು ತೋರಿಸಿದ ಒಂದು ಸಂಗತಿ ಇಲ್ಲಿ ಬಹಳ ಬೆಲೆಯುಳ್ಳದ್ದು. ಊಟದ ಕೊಬ್ಬು, ಲಿವರ್ ಬಿಟ್ಟ ಕೊಬ್ಬು ಎರಡೂ ಇಳಿಯುವುದು ಒಂದೇ ವ್ಯವಸ್ಥೆಯಲ್ಲಿ, ಮತ್ತು ಅದಕ್ಕೊಂದು ಮಿತಿಯಿದೆ. ಟ್ರೈಗ್ಲಿಸರೈಡ್ ಸುಮಾರು 500ರ ಆಸುಪಾಸು ಮುಟ್ಟಿದಾಗ ಎಲ್‌ಪಿಎಲ್ ಪೂರ್ತಿ ಕೈತುಂಬಿಕೊಂಡಿರುತ್ತದೆ. ಅಲ್ಲಿಂದಾಚೆ ಸ್ವಲ್ಪ ಹೆಚ್ಚಿಗೆ ಬಂದರೂ ಅದು ಒಂದರ ಮೇಲೊಂದು ಪೇರಿಕೊಳ್ಳುತ್ತದೆ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯವರು ಒಂದು ವಾರ ಕುಡಿತಕ್ಕೆ ಬಿದ್ದರೆ 600 ಇದ್ದದ್ದು 2,000 ಮುಟ್ಟಿ, ಮೇದೋಜೀರಕದ ಉರಿ ಹಿಡಿದು ಆಸ್ಪತ್ರೆ ಸೇರುವುದಕ್ಕೆ ಇದೇ ಕಾರಣ. ವರದಿಯಲ್ಲಿ 200 ಇದ್ದವರಿಗೂ 600 ಇದ್ದವರಿಗೂ ಒಂದೇ ಬಗೆಯ ಬುದ್ಧಿಮಾತು ಸಲ್ಲದು: ಮೊದಲನೆಯವರಿಗೆ ಊಟ, ನಡಿಗೆ, ಸಕ್ಕರೆ ನೋಡಿಕೊಳ್ಳಲು ಸಮಯವಿದೆ, ಎರಡನೆಯವರು ಮದ್ಯವನ್ನೂ ಜಿಡ್ಡನ್ನೂ ಆ ದಿನವೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಸಕ್ಕರೆಯನ್ನು ಹಿಡಿತಕ್ಕೆ ತಂದರೆ ಬಹಳ ಮಂದಿಯಲ್ಲಿ ಟ್ರೈಗ್ಲಿಸರೈಡ್ ಕೂಡ ಜೊತೆಗೇ ಇಳಿಯುತ್ತದೆ. ಇಷ್ಟೆಲ್ಲ ಮಾಡಿಯೂ ಇಳಿಯದೆ, ತೆಳ್ಳಗಿರುವವರಲ್ಲಿ ಅಥವಾ ಚಿಕ್ಕ ಮಕ್ಕಳಲ್ಲಿ ಸಾವಿರ ದಾಟಿ ನಿಂತರೆ, ಆಗ ಜೀನನ್ನೂ ಪ್ರತಿಕಾಯವನ್ನೂ ಹುಡುಕಿಸಬೇಕು.